ಎರಡು ಎಂಜಿನ್ನು, ಒಂದು ನಂಬರು

ನಮ್ಮ ಎರಡು ಪುಟಾಣಿ ರೈಲು ಎಂಜಿನ್ನುಗಳಿಗೂ ಒಂದೇ ನಂಬರು ಬರೆದುಕೊಡುತ್ತೇನೆಂದು ಮಗಳು ಯೆಟೆಗೆ ಮಾತು ಕೊಟ್ಟಿದ್ದೆ. ಎಂಜಿನ್ನಿನೊಳಗಿನ ಡಿಕೋಡರ್ ಎಂಬ ಪುಟ್ಟ ಚಿಪ್‌ನಲ್ಲಿ ಬರೆದ ನಂಬರನ್ನು ರಿಮೋಟಿನಲ್ಲಿ ಒತ್ತಿದರೆ ಆ ಎಂಜಿನ್ನು ಮಾತ್ರ ಓಡುತ್ತದೆ. ನನ್ನದು ಹನ್ನೆರಡು, ಅವಳದು ಮೂರು.

“ಒಂದೇ ಆದ್ರೆ ಎರಡೂ ಜೊತೇಲಿ ಓಡ್ತವೆ ಅಪ್ಪಾ.”

“ಭಾನುವಾರ ಮಾಡ್ಕೊಡ್ತೀನಿ ಪುಟ್ಟಿ.”

“ನಿನ್ನ ಭಾನುವಾರ ಯಾವ ಕ್ಯಾಲೆಂಡರಲ್ಲಿದೆ?”

ನಮ್ಮೂರು ಕಾಸೆಲ್ಲಿನ ಬ್ರೆಡ್ ಕಾರ್ಖಾನೆಯಲ್ಲಿ ನನಗೆ ಭಾನುವಾರವೂ ಪಾಳಿ. ನವೆಂಬರಿನಲ್ಲಿ ಜ್ವರ ಬಂದು ಯೆಟೆ ತೀರಿಕೊಂಡಳು. ಹೆಂಡತಿ ಗೆಸೀನ ಅವಳ ಎಂಜಿನ್ನನ್ನು ಬಿಸ್ಕತ್ತಿನ ತಗಡು ಡಬ್ಬಿಯಲ್ಲಿಟ್ಟು, ಬೀರುವಿಗೆ ಬೀಗ ಹಾಕಿದಳು.

ಮಾರ್ಚಿನಲ್ಲಿ ಪುಟಾಣಿ ರೈಲು ಕ್ಲಬ್ಬಿನವರು ಪ್ರದರ್ಶನಕ್ಕೆ ನನ್ನ ಎಂಜಿನ್ನು ಕೇಳಿದರು. ಅಲ್ಲಿ ಇನ್ನೊಬ್ಬರದೂ ಹನ್ನೆರಡೇ ಆಗಿದ್ದರಿಂದ ನಂಬರು ಬದಲಿಸಬೇಕಾಯಿತು. ಒಂದು ಮಧ್ಯಾಹ್ನ ನನ್ನದೊಂದನ್ನೇ ಹಳಿಯ ಮೇಲಿಟ್ಟು ನಲವತ್ತೊಂದು ಎಂದು ಬರೆದೆ. ನಂಬರು ಒಪ್ಪಿಕೊಂಡ ಎಂಜಿನ್ನು ಹೂಂ ಎಂದು ತಲೆಯಾಡಿಸಿದ ಹಾಗೆ ಒಮ್ಮೆ ಮಿಸುಕುತ್ತದೆ. ಮಿಸುಕಿತು. ಅದೇ ಕ್ಷಣ ಬೀರುವಿನೊಳಗೆ ಡಬ್ಬಿ ಟಣ್ ಎಂದಿತು.

ಕಾಫಿ ತಂದ ಗೆಸೀನ ಬಾಗಿಲಲ್ಲೇ ನಿಂತಳು. “ಆರ್ನೋ, ಅವಳ್ದನ್ನ ಮುಟ್ಟಿದ್ಯಾ?”

“ಬೀಗದ ಕೈ ನಿನ್ನ ಹತ್ರಾನೇ ಇದ್ಯಲ್ಲೇ.”

ಅವಳೇ ಬೀಗ ತೆಗೆದಳು. ಡಬ್ಬಿ ತಣ್ಣಗೆ ಕೊರೆಯುತ್ತಿತ್ತು. ಒಳಗಿನ ಎಂಜಿನ್ನು ಮಾತ್ರ, ಯಾರೋ ಬಹಳ ಹೊತ್ತು ಮುಷ್ಟಿಯಲ್ಲಿ ಹಿಡಿದು ಈಗಷ್ಟೇ ಬಿಟ್ಟಂತೆ ಬೆಚ್ಚಗಿತ್ತು.

“ಅದರ ನಂಬರು ನೋಡು,” ಎಂದಳು ಗೆಸೀನ.

ಹಳಿಯ ಮೇಲಿಟ್ಟು ನೋಡಿದೆ. ರಿಮೋಟಿನ ಪರದೆಯಲ್ಲಿ ನಲವತ್ತೊಂದು ಬಂತು.

ಅಂದಿನಿಂದ ಎರಡೂ ಜೊತೆಯಲ್ಲೇ ಓಡುತ್ತವೆ. ಯೆಟೆಗೆ ಕೊಟ್ಟ ಮಾತು ನಡೆಯಿತು. ನಡೆಸಿದವನು ನಾನಲ್ಲ.