ನೆರಳಿಗೂ ಕಂದಾಯ

ಕಿರೀಟ ಕೊಟ್ರೇಶನ ಹುಬ್ಬು ದಾಟಿ, ಕಣ್ಣು ದಾಟಿ, ಮೂಗಿನ ಮೇಲೆ ಬಂದು ಕೂತಿತು.

ಆ ಕತ್ತಲೊಳಗಿಂದ ಅವನಿಗೆ ಕೇಳಿದ್ದು ಒಂದು ನಗು. ತಡೆದು ತಡೆದು, ಕೊನೆಗೆ ಕೈಬಿಟ್ಟ ನಗು.

"ಅಳತಿ ಯಾರ ತಲಿದು ತಂದು ಕೊಟ್ಟಿದ್ರಿ?"

"ಅಪ್ಪಾರದ್ರಿ, ಇಷ್ಟ ವರ್ಷ ಪಾತ್ರ ಅವರದ ಇತ್ತು. ದಾರ ಸುತ್ತಿ ತಂದಿದ್ದೆ. ಮಾಪು ಪಕ್ಕಾ ಐತಿ."

"ರುಮಾಲ ಬಿಚ್ಚಿಸಿದ್ರೋ ಇಲ್ಲೋ?"

ಅಪ್ಪ ನಿಜಲಿಂಗಪ್ಪನವರಿಗೆ ರುಮಾಲು ಬಿಚ್ಚಿ ಅನ್ನುವ ಧೈರ್ಯ ಸೊರಟೂರಿನಲ್ಲಿ ಯಾರಿಗೂ ಇರಲಿಲ್ಲ. ಮಗನೂ ರುಮಾಲಿನ ಮೇಲೇ ದಾರ ಸುತ್ತಿ, ಅದೇ ಅಳತೆ ಕೊಟ್ಟು ಹೋಗಿದ್ದ.

ಎರಡು ಬೆರಳು ಕಿರೀಟದ ಅಂಚು ಹಿಡಿದು ಮೆಲ್ಲಗೆ ಮೇಲೆತ್ತಿದವು. ಮೊದಲು ಕಂಡದ್ದು ಬೇಗಡೆ ಅಂಟಿದ ಉಗುರು. ಆಮೇಲೆ ಗಲ್ಲ. ಆಮೇಲೆ, ಇನ್ನೂ ನಗು ಆರದ ಕಣ್ಣು.

ಗದಗಿನಲ್ಲಿ ಮಹಬೂಬಸಾಬರ ನಾಟಕದ ಸಾಮಾನಿನ ಅಂಗಡಿ. ಬೆಂಡಿನ ಕಿರೀಟಕ್ಕೆ ಕನ್ನಡಿ ಚೂರು ಕೂಡಿಸುವ ಕೆಲಸ ವಿದ್ಯಾಶ್ರೀಯದು.

"ಕಿರೀಟ ಸಣ್ಣ ಮಾಡಾಕ ಬರಂಗಿಲ್ರಿ ಸಾಮ್ರಾಟರ," ಮೂಲೆಯಿಂದ ಮಹಬೂಬಸಾಬರು ಹೇಳಿದರು. "ನೀವ ತಲಿ ಬೆಳಿಸ್ಕೋರಿ."

"ಇಲ್ಲಾ, ಒಳಗ ರುಮಾಲ ಸುತ್ತಕೋರಿ," ಅಂದಳು ಅವಳು. "ಯಾವ ಆಟ?"

"ಮೇಘಾವತಿ ಸಾಮ್ರಾಜ್ಯ. ನಾ ವಜ್ರಕೇತು."

ಸುಗ್ಗಿ ಮುಗಿದ ಮೇಲೆ ಅವರೂರಲ್ಲಿ ಆಡುವ ದೊಡ್ಡಾಟ ಅದು. ಏಳು ನದಿಗಳ ಒಡೆಯ ವಜ್ರಕೇತು, ಪ್ರಜೆಗಳ ನೆರಳಿಗೂ ಕಂದಾಯ ಹಾಕಿದ ಚಕ್ರವರ್ತಿ. ಆ ಪಾತ್ರ ನಿಜಲಿಂಗಪ್ಪನವರ ಮನೆತನದ್ದು: ಮುತ್ತ್ಯಾನಿಂದ ಅಜ್ಜನಿಗೆ, ಅಜ್ಜನಿಂದ ಅಪ್ಪನಿಗೆ. ಈ ವರ್ಷ ಮೊದಲ ಸಲ ಕೊಟ್ರೇಶನಿಗೆ.

ವಿದ್ಯಾಶ್ರೀಯ ಸೂಜಿ ನಿಂತಿತು. "ವಜ್ರಕೇತು ಆದ ಮ್ಯಾಲೆ ಪಟ್ಟಕ್ಕ ಯಾರು ಬರ್ತಾರ?"

"ಯಾರೂ ಬರಂಗಿಲ್ಲ. ಅವಂಗ ಮುಪ್ಪ ಬರತೈತಿ, ಮಂಗಳಾರತಿ ಹಾಡ್ತೀವಿ."

"ಏಳು ನದಿ ರಾಜ್ಯಾನ ಹಂಗ ಬಿಟ್ಟು ಮನಿಗೆ ಹೋಗ್ತೀರಿ?"

ಅವನಿಗೆ ಇದು ಎಂದೂ ಹೊಳೆದೇ ಇರಲಿಲ್ಲ. "ನಿಮಗ ಗೊತ್ತೈತೇನು?"

"ಗೊತ್ತೈತಿ."

"ಹೇಳ್ರಿ ಮತ್ತ."

"ಇನ್ನೊಮ್ಮೆ ಬಂದಾಗ."

ಅವನು ಜಲ್ದಿಯೇ ಬಂದ. ಕಿರೀಟದ ಕನ್ನಡಿಯೊಂದು ಉದುರಿತ್ತು.

ವಿದ್ಯಾಶ್ರೀ ಚೂರನ್ನು ಬೆಳಕಿಗೆ ಹಿಡಿದಳು. "ಇದು ತಾನ ಉದುರಿಲ್ಲ. ಉಗುರಿನ ಗುರುತೈತಿ."

ಕೊಟ್ರೇಶ ಕೈ ಹಿಂದೆ ಕಟ್ಟಿಕೊಂಡ. ಅವಳು ತಲೆ ಎತ್ತದೆ ಅಂಟು ಹಚ್ಚತೊಡಗಿದಳು, ಹಚ್ಚುತ್ತಲೇ ಹೇಳಿದಳು.

ಮೇಘಾವತಿಯ ಜನ ನಡು ಮಧ್ಯಾಹ್ನ ಮಾತ್ರ ಹೊರಗೆ ಬರುತ್ತಿದ್ದರಂತೆ, ನೆರಳು ಕಾಲಡಿ ಅಡಗುವ ಹೊತ್ತಿಗೆ. ಚಕ್ರವರ್ತಿಯ ಮಗಳು ಇಂದುರೇಖಾ ಒಂದು ದಿನ ಕೋಟೆ ಇಳಿದು ಬಂದಳು. ಒಬ್ಬ ಮುದುಕಿ ಮೊಮ್ಮಗಳ ನೆರಳನ್ನು ಉಡಿಯಲ್ಲಿ ಮುಚ್ಚಿಟ್ಟುಕೊಂಡು ಕೂತಿದ್ದಳು, ಕಂದಾಯದವರು ಕಾಣಬಾರದೆಂದು.

"ಮುಂದ?"

"ಅಂಟು ಒಣಗಿತು. ಒಯ್ರಿ."

ಬಸ್ಸಿನಲ್ಲಿ ಸೊರಟೂರು ಮುಟ್ಟುವ ತನಕ ಕೊಟ್ರೇಶ ಕಿರೀಟವನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಆ ಮುದುಕಿ ಏನಾದಳು? ಅದಕ್ಕಿಂತ, ಕಥೆ ಹೇಳುವಾಗ ಆ ಹುಡುಗಿ ತನ್ನ ಕಡೆ ಯಾಕೆ ನೋಡಲಿಲ್ಲ? ಮನೆ ಮುಟ್ಟುವ ಮೊದಲೇ ಇನ್ನೊಂದು ಕನ್ನಡಿ ಉದುರಿತು.

ಆಮೇಲೆ ಕನ್ನಡಿಗಳು ಉದುರುತ್ತಲೇ ಹೋದವು. ಕಥೆ ಬೆಳೆಯಿತು, ಚಹಾದ ಕಪ್ಪು ಒಂದಿದ್ದದ್ದು ಎರಡಾಯಿತು. ಮಹಬೂಬಸಾಬರು ಅಂಟಿನ ಡಬ್ಬಿಯನ್ನೇ ಕೊಡಲು ಬಂದರು. "ಮನ್ಯಾಗ ಹಚ್ಚಕೋರಿ, ಬಸ್ ಚಾರ್ಜ್ ಉಳೀತೈತಿ." ಕೊಟ್ರೇಶ ಡಬ್ಬಿಯನ್ನು ಮುಟ್ಟಲಿಲ್ಲ.

ಕೊನೆಯ ಭಾಗ ಹೇಳಿದ ದಿನ ಅವಳ ಕೈಯಲ್ಲಿ ಸೂಜಿ ಇರಲಿಲ್ಲ.

"ವಜ್ರಕೇತು ತಾನ ಕಿರೀಟ ತಗದು ಮಗಳ ತಲಿ ಮ್ಯಾಲೆ ಇಡಬೇಕು. ಮೊಣಕಾಲೂರಿ ತಲಿ ಬಾಗಬೇಕು. ಆಮ್ಯಾಲೆ ಆಕಿ ಮೊದಲನೇ ಅಪ್ಪಣಿ ಕೊಡ್ತಾಳ. ನಮ್ಮಜ್ಜಿ ಸಾವಕ್ಕ ನಿಮ್ಮೂರಾಗ ಇಂದುರೇಖಾನ ವ್ಯಾಷ ಕಟ್ಟಿದ್ಲು. ವಜ್ರಕೇತು ನಿಮ್ಮ ಮುತ್ತ್ಯಾ."

"ನಮ್ಮ ಮುತ್ತ್ಯಾ?"

"ಬಾಗೋ ಹೊತ್ತಿಗೆ ಪರದಿ ಬಿಡಿಸಿದ್ರು. ಊರ ಹೊರಗಿನ ಓಣಿ ಹೆಣ್ಣಿಗೆ ಆಟದಾಗರ ಯಾಕ ಬಾಗಲಿ ಅಂದ್ರಂತ. ಅವತ್ತಿಂದ ನಿಮ್ಮ ಆಟಕ್ಕ ಕೊನಿ ಇಲ್ಲ. ಅಜ್ಜಿ ಶಿರಹಟ್ಟ್ಯಾಗ ರೊಟ್ಟಿ ಬಡಿಯೂವಾಗ ಈಗೂ ಆ ಅಪ್ಪಣಿ ಮಾತು ಹೇಳ್ಕೋತಾಳ."

ಅವಳು ಈಗ ನೇರವಾಗಿ ನೋಡಿದಳು.

"ನನ್ನ ಓಣಿ ಯಾವುದಂತ ಗೊತ್ತಾತಲ್ಲ. ಇನ್ನ ಕನ್ನಡಿ ಉದುರತಾವೋ ಇಲ್ಲೋ?"

ಕೊಟ್ರೇಶ ಜೇಬಿಗೆ ಕೈ ಹಾಕಿದ. ಒಂದು ಚೂರು ತೆಗೆದು ಮೇಜಿನ ಮೇಲಿಟ್ಟ. "ಒಂದು ಉದುರೈತಿ."

ಅವಳು ನಗಲಿಲ್ಲ. ಚೂರಿನಲ್ಲಿ ಅವಳ ಒಂದು ಕಣ್ಣು ಮಾತ್ರ ಕಾಣುತ್ತಿತ್ತು, ತುಂಬಿತ್ತು.

"ಅಂಗಡ್ಯಾಗ ಹಿಂಗ ಕುಂಡ್ರೋದು ಹಗುರ. ಊರ ಮುಂದ ಬಾಗ್ತೀಯೇನು?"

ಮೊದಲ ಸಲ ಅವಳು ಏಕವಚನದಲ್ಲಿ ಕೇಳಿದ್ದಳು.

"ವರ್ಷಾ ನಾ ಕಳಸೋ ಸುನಿತಾ ಈ ಸಲ ಬರಂಗಿಲ್ಲ ಅಂದಾಳ," ಮಹಬೂಬಸಾಬರು ಯಾರನ್ನೂ ನೋಡದೆ ಹೇಳಿದರು. "ಇಂದುರೇಖಾನ ಪಾತ್ರಕ್ಕ ಬ್ಯಾರೇದವರನ್ನ ಕಳಸ್ಬೇಕು ನಾನು."

ಮನೆಯಲ್ಲಿ ಊಟಕ್ಕೆ ಕೂತಾಗ ಕೊಟ್ರೇಶ ಅಪ್ಪನಿಗೆ ಮುಚ್ಚಿಡದೆ ಹೇಳಿದ. ಆಟದ ಕೊನೆಯನ್ನೂ, ಹುಡುಗಿಯನ್ನೂ.

ನಿಜಲಿಂಗಪ್ಪನವರು ಕೈ ತೊಳೆದುಕೊಂಡರು. "ಬಾಗಿದ್ರ ಮುಂದಿನ ವರ್ಷ ಕಿರೀಟ ನಿನ್ನ ತಲಿಗಿಲ್ಲ. ಈ ಹೊಸ್ತಿಲಾನೂ ಇಲ್ಲ. ಗದ್ಲ ಬ್ಯಾಡ, ವಿಚಾರ ಮಾಡು."

ಅವರು ಹೋದ ಮೇಲೆ ತಾಯಿ ಕಸ್ತೂರೆವ್ವ ಒಲೆಯ ಮುಂದಿನಿಂದ ಕೇಳಿದಳು. "ಹೌದಲೇ, ಪಟ್ಟಕ್ಕ ಯಾರು ಕುಂಡ್ರತಾರ ಕಡೀಕ?"

"ಮಗಳು."

"ಲಗ್ನಾಗಿ ಬಂದಾಗಿಂದ ನೋಡೀನಿ," ಅಂದಳು ಕಸ್ತೂರೆವ್ವ, ರೊಟ್ಟಿ ತಿರುವಿ. "ಕೇಳಿದ್ರ ಯಾರೂ ಹೇಳಿದ್ದಿಲ್ಲ."

ಆಟ ಈಗ ಹಗಲಿನದು. ಮುಂಜಾನೆ ಶುರುವಾದರೆ ಹೊತ್ತು ಮುಳುಗುವುದರೊಳಗೆ ಮಂಗಳ. ಮುಂದಿನ ಸಾಲಿನ ಕುರ್ಚಿಯಲ್ಲಿ ನಿಜಲಿಂಗಪ್ಪನವರು. ಹೆಂಗಸರ ಕಡೆ, ಬಸ್ಸಿಳಿದು ಬಂದ ಒಬ್ಬ ಮುದುಕಿ ಅಂಚಿನಲ್ಲಿ ನಿಂತೇ ಇದ್ದಳು. ಕಸ್ತೂರೆವ್ವ ಯಾರೆಂದು ಕೇಳದೆ ಚಾಪೆಯ ತುದಿ ಬಿಟ್ಟುಕೊಟ್ಟಳು. ಸಾವಕ್ಕ ಕೂತಳು.

ವಜ್ರಕೇತುವಿಗೆ ಮುಪ್ಪು ಬಂತು. ಮೇಳದವರು ಮಂಗಳಾರತಿಗೆ ದನಿ ತೆಗೆದರು. ಕೊಟ್ರೇಶ ಕೈ ಎತ್ತಿದ.

"ಆಟ ಇನ್ನೂ ಮುಗಿದಿಲ್ಲ."

ಮದ್ದಳೆ ನಿಂತಿತು. ಹೊರಟಿದ್ದ ಇಂದುರೇಖಾ ವೇಷದ ವಿದ್ಯಾಶ್ರೀ ಪರದೆಯ ಬಳಿ ತಿರುಗಿದಳು. ಇವನು ಬಾಗುತ್ತಾನೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದು ಅವಳ ಮುಖದ ಬಣ್ಣದೊಳಗಿಂದಲೂ ಕಾಣುತ್ತಿತ್ತು.

ಅವನು ಕಿರೀಟ ತೆಗೆದ. ಒಳಗೆ ಸುತ್ತಿದ್ದ ರುಮಾಲನ್ನೂ ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಅವಳನ್ನು ಸಿಂಹಾಸನದ ಮೇಲೆ ಕೂಡಿಸಿ, ಕಿರೀಟವನ್ನು ಎರಡೂ ಕೈಯಿಂದ ಅವಳ ತಲೆಯ ಮೇಲಿಟ್ಟು, ಮೊಣಕಾಲೂರಿ ಬಾಗಿದ. ಎಲ್ಲರಿಗೂ ಕಾಣುವಷ್ಟು ಹೊತ್ತು.

ರುಮಾಲಿಲ್ಲದ ಕಿರೀಟ ಅವಳ ಹುಬ್ಬು ದಾಟಿ, ಕಣ್ಣು ದಾಟಿ, ಮೂಗಿನ ಮೇಲೆ ಬಂದು ಕೂತಿತು.

ಯಾರೋ ಕಿಸಕ್ಕೆಂದರು. ಆದರೆ ಆ ಕತ್ತಲೊಳಗಿಂದಲೇ ದನಿ ಎದ್ದಿತು, ನಡುಗದೆ:

"ಇದು ಮೊದಲನೇ ಅಪ್ಪಣೆ. ಮೇಘಾವತಿಯಲ್ಲಿ ಇನ್ನು ನೆರಳಿಗೆ ಕಂದಾಯವಿಲ್ಲ. ಯಾರ ನೆರಳು ಯಾರ ಮೇಲಾದರೂ ಬೀಳಲಿ. ತೊಳೆದುಕೊಳ್ಳುವವರು ಯಾರೂ ಇರಬಾರದು."

ಚಾಪೆಯ ತುದಿಯಲ್ಲಿ ಸಾವಕ್ಕನ ತುಟಿ ಅದೇ ಮಾತಿಗೆ ಅಲುಗುತ್ತಿತ್ತು.

ನಿಜಲಿಂಗಪ್ಪನವರು ಎದ್ದು ನಿಂತರು. ರಂಗದ ಹಿಂದೆ ಇಳಿಯುತ್ತಿದ್ದ ಸೂರ್ಯ ಸಿಂಹಾಸನದ, ಅದರಲ್ಲಿ ಕೂತವಳ ನೆರಳನ್ನು ಉದ್ದಕ್ಕೆ ಚಾಚಿದ್ದ. ಅದು ಅವರ ಬಿಳಿ ಧೋತರದ ಮೇಲೆ ಬಿದ್ದಿತ್ತು. ಅವರು ಅದನ್ನು ನೋಡಿದರು. ಹೋಗಲೂ ಇಲ್ಲ, ಕೂಡಲೂ ಇಲ್ಲ.

ಕೊಟ್ರೇಶ ಎದ್ದು ಸಿಂಹಾಸನದ ಪಕ್ಕ ನಿಂತ. ಎರಡು ಬೆರಳಿನಿಂದ ಕಿರೀಟದ ಅಂಚು ಹಿಡಿದು, ಜಾರದಂತೆ ತಡೆದ.

"ಎಷ್ಟೊತ್ತು ಹಿಡೀತಿ?" ಪಿಸುಗುಟ್ಟಿದಳು ಚಕ್ರವರ್ತಿನಿ.

"ನೀ ಆಳೂತನಕ."

"ಕೈ ಸೋಲ್ತಾವ."

"ಇನ್ನೊಂದು ಕೈ ಐತಿ. ನಾ ನಿನ್ನ ಬಿಟ್ಟು ಇಲ್ಲಿಂದ ಇಳ್ಯಾಂವಲ್ಲ."

ಚಪ್ಪಾಳೆಯೂ ಇಲ್ಲ, ಬೈಗುಳವೂ ಇಲ್ಲ. ಆಗ ಚಾಪೆಯ ಕಡೆಯಿಂದ ಕಸ್ತೂರೆವ್ವನ ದನಿ ಬಂತು, ಮನೆಯಲ್ಲಿ ಕರೆದಷ್ಟೇ ಸಹಜವಾಗಿ:

"ಇನ್ನೊಂದೀಟು ಮ್ಯಾಲೆತ್ತಲೇ ಕೊಟ್ರ್ಯಾ. ರಾಣಿ ಮುಖಾ ಕಾಣವಲ್ದು."