ಪಚ್ಚ ವೈರು

ಜೀಪು ಮೂರನೆಯ ಸಲ ಸೈಲೆನ್ಸರಿನಿಂದ ‘ಢಂ’ ಎಂದಿತು. ಗಂಗಾವತಿಯ ಆ ಗ್ಯಾರೇಜಿನ ಮುಂದೆ ನಿಂತಿದ್ದ ಕಳಕಮ್ಮ ಬೆಚ್ಚಿ ಕೊಡೆಯನ್ನು ಎದೆಗೆ ಅವುಚಿಕೊಂಡಳು.

“ಮೇಸ್ತ್ರಿ, ಇದು ಗ್ಯಾರೇಜೋ, ಪಟಾಕಿ ಅಂಗಡಿನೋ?”

ಬೇರೆ ಯಾರಾದರೂ ಹಾಗೆ ಅಂದಿದ್ದರೆ ಮೇಸ್ತ್ರಿ ಉಮಾಪತಿ ನಟ್ಟು ಬಿಚ್ಚುವ ಪಾನಾ ಎಸೆಯುತ್ತಿದ್ದ. ಇವಳು ಅಂದರೆ ಮಾತ್ರ ಕಿವಿ ಬಿಸಿಯಾಗುತ್ತಿತ್ತು. ಒಂದು ವರ್ಷದಿಂದ ಇದೇ ಪಾಡು. ಅವಳಪ್ಪ ಗವಿಸಿದ್ದಪ್ಪನ ಪ್ಯಾಸೆಂಜರ್ ಜೀಪು ಕೆಡಲಿ ಎಂದು ಅವನು ದೇವರಿಗೆ ಕೈಮುಗಿಯುತ್ತಿದ್ದ. ಜೀಪು ಬಂದರೆ ಹಿಂದೆಯೇ ಮಗಳೂ ಬರುತ್ತಿದ್ದಳು. ದೇವರು ಈ ಸಲ ಸ್ವಲ್ಪ ಜಾಸ್ತಿಯೇ ಕೇಳಿಸಿಕೊಂಡಿದ್ದ.

ಬೆಳಿಗ್ಗೆ ಗವಿಸಿದ್ದಪ್ಪ ಖಡಾಖಂಡಿತ ಹೇಳಿದ್ದ: “ಇವತ್ತ ಸಂಜಿಗೆ ಹೇಮಗುಡ್ಡದ ಏರು ಹತ್ತಿದ್ರ ಇಟ್ಕೊಂತೀನಿ. ಇಲ್ಲಂದ್ರ ಮಾರಿ, ಮನಿಮಂದಿನ್ನ ಕರ್ಕೊಂಡು ಕುಷ್ಟಗಿಗೆ ಹೋಗ್ತೀನಿ. ಅಲ್ಲಿ ತಮ್ಮನ ಹೊಲ ಐತಿ.”

ಮನೆಮಂದಿ ಎಂದರೆ ಕಳಕಮ್ಮನೂ ಸೇರಿದಳು. ಉಮಾಪತಿ ಮಧ್ಯಾಹ್ನದ ರೊಟ್ಟಿ ಬಿಟ್ಟು ಬಾನೆಟ್ಟಿನೊಳಗೇ ತಲೆ ಹಾಕಿದ್ದ.

ಕಿಡಿ ಹಾರಿಸುವ ಹಳೆಯ ಪಾಯಿಂಟು ಕಿತ್ತು ಹೊಸ ಎಲೆಕ್ಟ್ರಾನಿಕ್ ಪೆಟ್ಟಿಗೆ ಹಾಕೋಣ ಎಂದು ಹಟ ಹಿಡಿದವನು ಅವನೇ. ಎಂಜಿನ್ನಿನ ಶಾಫ್ಟು ಎಲ್ಲಿಗೆ ತಿರುಗಿದೆ ಎಂಬ ಸುದ್ದಿಯನ್ನು ಪೆಟ್ಟಿಗೆಗೆ ಮುಟ್ಟಿಸಲು ಡಿಸ್ಟ್ರಿಬ್ಯೂಟರಿನೊಳಗೆ ಪುಟ್ಟ ಕಾಯಿಲು. ಅದಕ್ಕೆ ಎರಡು ವೈರು, ಒಂದು ಹಸಿರು, ಒಂದು ಹಳದಿ. ಸುದ್ದಿ ಸರಿಯಾಗಿ ಮುಟ್ಟಿದರೆ ಕಿಡಿ ಹೊತ್ತಿಗೆ ಸರಿಯಾಗಿ ಹಾರುತ್ತದೆ. ಇಲ್ಲದಿದ್ದರೆ ಢಂ.

“ವೈರು ಅದಲುಬದಲು ಆಗ್ಯಾವೇನ್ರಿ?” ಕಳಕಮ್ಮ ಕೇಳಿದಳು.

“ಇಲ್ರಿ ಟೀಚರ್. ಪೆಟಿಗಿ ಜೋಡಿ ಬಂದ ಚೀಟಿ ನೋಡೇ ಕನೆಕ್ಷನ್ ಕೊಟ್ಟೀನಿ.”

ಅವಳು ಚೀಟಿ ತೆಗೆದುಕೊಂಡಳು. “ಇದು ತೆಲುಗು. ನಿಮಗ ಬರ್ತೈತೇನು?”

“ಅಕ್ಷರ ನಮ್ಮ ಕನ್ನಡದಂಗ ಅದಾವಲ್ರಿ, ಕೂಡಿಸಿ ಓದಿದೆ.” ಉಮಾಪತಿ ಎದೆಯುಬ್ಬಿಸಿದ. “ಪಚ್ಚ ವೈರು, ಒಕಟೋ ನಂಬರು. ಪಚ್ಚ ಅಂದ್ರ ನಮ್ಮ ಪಚ್ಚಿ, ಹಸಿರು. ಹಸಿರು ಒಂದಕ್ಕ, ಹಳದಿ ಎರಡಕ್ಕ.”

ಕಳಕಮ್ಮನ ತುಟಿಯ ತುದಿ ನಡುಗಿತು. ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕಣ್ಣುಗಳು ಮಾತ್ರ ಸೆರಗಿನ ಮೇಲಿಂದ ನಕ್ಕೇಬಿಟ್ಟವು. ಅವಳು ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪಿನ ಶಾಲೆಯಲ್ಲಿ ಟೀಚರು, ದಿನವಿಡೀ ತೆಲುಗು ಮಕ್ಕಳ ನಡುವೆ ಇರುವವಳು.

“ನಮ್ಮ ಕ್ಯಾಂಪಿನ ಹುಡುಗ್ರು ಅರಿಷಿಣದ ಬಣ್ಣಕ್ಕ ಪಚ್ಚ ಅಂತಾರ್ರಿ. ಹಸಿರಿಗೆ ಆಕುಪಚ್ಚ. ಮೇಸ್ತ್ರಿ, ನಿಮ್ಮ ಪಚ್ಚ ವೈರು ಹಳದಿದು!”

ಅವನು ವೈರು ಬದಲಿಸಿದ. ಟಾರ್ಚು ಹಿಡಿದು ಅವಳು ಪಕ್ಕದಲ್ಲೇ ಬಗ್ಗಿದ್ದಳು, ಜಡೆಯ ಮಲ್ಲಿಗೆ ಪೆಟ್ರೋಲಿನ ವಾಸನೆಯನ್ನೂ ಸೋಲಿಸಿತ್ತು.

ಕೀ ತಿರುಗಿಸಿದರೆ ಜೀಪು ಒಂದೇ ಸಲಕ್ಕೆ ಹಿಡಿಯಿತು. ಢಂ ಇಲ್ಲ, ಕೆಮ್ಮಿಲ್ಲ.

ಸಂಜೆ ಗವಿಸಿದ್ದಪ್ಪನೇ ಓಡಿಸಿದ, ಉಮಾಪತಿ ಪಕ್ಕದಲ್ಲಿ, ಕಳಕಮ್ಮ ಹಿಂದಿನ ಸೀಟಿನಲ್ಲಿ. ಹೇಮಗುಡ್ಡದ ಏರಿನಲ್ಲಿ ಉಮಾಪತಿ ಉಸಿರು ಬಿಗಿಹಿಡಿದು ಕುಳಿತ. ಜೀಪು ಸಲೀಸಾಗಿ ಹತ್ತಿತು. ಗವಿಸಿದ್ದಪ್ಪ ಸ್ಟೇರಿಂಗು ತಟ್ಟಿ, “ಇನ್ನ ಮಾರೂದಿಲ್ಲ ಬಿಡಪಾ” ಎಂದು ಜೀಪು ನಿಲ್ಲಿಸಿ, ಏರಿನ ಮೇಲಿನ ದುರ್ಗಮ್ಮನಿಗೆ ಕಾಯಿ ಒಡೆಸಲು ಗುಡಿಯೊಳಗೆ ಹೋದ.

ಉಮಾಪತಿಗೆ ಕಣ್ಣು ತುಂಬಿಬಂತು. “ಟೀಚರ್, ಭಾಳ ಉಪಕಾರ ಆತ್ರಿ. ನೀವು ಇಲ್ಲದಿದ್ರ ನಾ ಎಲ್ಲಾ ಕಳಕೊಂತಿದ್ದೆ.”

“ಉಪಕಾರ ಹೊರಗಿನವ್ರಿಗೆ ಹೇಳ್ತಾರ್ರಿ. ಮನಿಯವ್ರಿಗೆ ಯಾರರ ಹೇಳ್ತಾರೇನು?”

ಅದು ಅವನ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಳಿದಾಗ ಮೈಯೆಲ್ಲ ಬೆಚ್ಚಗಾಯಿತು.

“ಹಂಗಾರ… ನಿಮ್ಮನ್ನ ನಂಗ ಕೊಡ್ರಿ ಅಂತ ಅಪ್ಪಾರಿಗೆ ಕೇಳ್ಲೇನ್ರಿ?”

“ಒಂದು ವರ್ಷಾತು ಕಾಯಾಕ್ಹತ್ತಿ.” ಅವಳು ಹೆಬ್ಬೆರಳಿನಿಂದ ಮಣ್ಣು ಕೆದರಿದಳು.

ಗವಿಸಿದ್ದಪ್ಪ ಕುಂಕುಮ ಹಿಡಿದು ಹೊರಗೆ ಬಂದ. ಉಮಾಪತಿ ಧೈರ್ಯ ಮಾಡಿ ಮುಂದೆ ಹೋದ. “ಕಾಕಾ, ಒಂದು ಮಾತು…”

ಹಿಂದಿನಿಂದ ಜೋರಾಗಿ ಕೆಮ್ಮು ಕೇಳಿಸಿತು. “ಅಪ್ಪಗ ಕಾಕಾ ಅಂದ್ರ ನಾ ನಿಮಗ ತಂಗಿ ಆಗ್ತೀನಲ್ರಿ!”

ಉಮಾಪತಿ ನಾಲಿಗೆ ಕಚ್ಚಿಕೊಂಡ. ಗವಿಸಿದ್ದಪ್ಪ ಮಗಳನ್ನು ನೋಡಿದ, ಮೇಸ್ತ್ರಿಯನ್ನು ನೋಡಿದ.

“ಮಾವಾರ,” ಎಂದ ಉಮಾಪತಿ, ಮೆಲ್ಲಗೆ.

ಗವಿಸಿದ್ದಪ್ಪ ಅವನ ಹಣೆಗೆ ಕುಂಕುಮ ಒತ್ತಿದ. “ಇನ್ನೊಮ್ಮಿ ಅನ್ನಪಾ, ಕೇಳಾಕ ಛಲೋ ಐತಿ.”