ಅಂಬಮ್ಮನ ಪ್ಲೇಟು

ಭಾನುವಾರ ಬೆಳಿಗ್ಗೆ ಗಂಗಾಧರಯ್ಯನವರು ಚಿತ್ರ ತೊಳೆಯುವ ಕತ್ತಲೆ ಕೋಣೆಯ ಬೀಗ ತೆಗೆದಾಗ ನಾನು ಅವರ ಹಿಂದೆಯೇ ಇದ್ದೆ. ಒಳಗೆ ಕತ್ತಲೆ ಇರಲಿಲ್ಲ. ಕಿಟಕಿ ತೆರೆದಿತ್ತು. ಅದಕ್ಕೆ ಹೊಡೆದಿದ್ದ ಕಪ್ಪು ಕಂಬಳಿ ಒಂದೇ ಮೊಳೆಯಲ್ಲಿ ಜೋತಾಡುತ್ತಿತ್ತು. ಕೆಳಗೆ, ಗಾರೆಯ ನೆಲದ ಮೇಲೆ, ಗಾಜಿನ ಚೂರುಗಳು.

ಅವರು ಬಗ್ಗಿ ಒಂದು ಚೂರನ್ನು ಬೆಳಕಿಗೆ ಹಿಡಿದರು.

"ಷಣ್ಮುಖಪ್ಪನ ಹೆಂಡತಿಯ ಚಿತ್ರದ್ದು," ಎಂದರು.

ನಮ್ಮದು ಕಡೂರಿನ ಐದು ಜನರ ಕೂಟ. ಕ್ಯಾಮೆರಾ ಹುಚ್ಚು ಹಿಡಿದವರು ತಿಂಗಳಿಗೊಂದು ಭಾನುವಾರ ಗಂಗಾಧರಯ್ಯನವರ ಮನೆಯ ಹಜಾರದಲ್ಲಿ ಸೇರುತ್ತಿದ್ದೆವು. ಅವರು ಸರ್ವೆ ಇಲಾಖೆಯಿಂದ ನಿವೃತ್ತರಾದವರು. ಕೂಟದ ಕಟ್ಟುಪಾಡು ಅವರದೇ. ಚಿತ್ರವನ್ನು ಗೋಡೆಗೆ ಆನಿಸಿ ಇಡಬೇಕು. ಉಳಿದವರು ಒಬ್ಬೊಬ್ಬರಾಗಿ ಮೊದಲು ಕಂಡದ್ದನ್ನು, ಆಮೇಲೆ ಕೆಟ್ಟದ್ದನ್ನು, ಕೊನೆಗೆ ಅದನ್ನು ಸರಿಪಡಿಸುವ ದಾರಿಯನ್ನು ಹೇಳಬೇಕು. ಎಲ್ಲರೂ ಮುಗಿಸುವ ತನಕ ತೆಗೆದವನು ಬಾಯಿ ಬಿಡಕೂಡದು. ಶಾಲೆಯ ಮೇಷ್ಟ್ರಾದ ನಾನು, ವೆಂಕಟಸುಬ್ಬಯ್ಯ, ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೆ.

ಈ ಕಟ್ಟುಪಾಡಿನಿಂದ ಹೆಚ್ಚು ಕಲಿತವರು ಸಿಂಗಟಗೆರೆಯ ಷಣ್ಮುಖಪ್ಪನವರೇ. ತೆಂಗಿನ ತೋಟ, ಬೆದ್ದಲು ಹೊಲ ಇದ್ದ ರೈತರು. ಎಮ್ಮೆದೊಡ್ಡಿ ಕಾವಲಿನ ದನಗಳ ಚಿತ್ರ ತಂದಾಗ ಗಂಗಾಧರಯ್ಯನವರು, ಕೊಂಬೆಲ್ಲ ಚಿತ್ರದಿಂದಾಚೆ ಹೋಗಿದೆ, ಹಿಂದೆ ಸರಿದು ನಿಲ್ಲಿ ಎಂದಿದ್ದರು. ಇನ್ನೊಮ್ಮೆ ತಂದರು. ಬೆಳಕು ನಿಮ್ಮ ಬೆನ್ನಿಗಿರಲಿ ಎಂದರು. ಮೂರನೆಯ ಸಲ ತಂದ ಚಿತ್ರದಲ್ಲಿ ಯಾರಿಗೂ ಒಂದು ಕೊರತೆಯೂ ಸಿಗಲಿಲ್ಲ.

ಹಿಂದಿನ ವರ್ಷ, ಸಾವಿರದ ಒಂಬೈನೂರ ಹದಿನೆಂಟರ ಸೆಪ್ಟೆಂಬರಿನಲ್ಲಿ, ಅವರು ಹೆಂಡತಿ ಅಂಬಮ್ಮನ ಚಿತ್ರ ತಂದಿದ್ದರು. ನಡುಮಧ್ಯಾಹ್ನ ತೆಂಗಿನ ಮರದಡಿ ಕೂರಿಸಿ ತೆಗೆದದ್ದು. ಸೀರೆಯ ಮೇಲೆ ಸುಡುಬಿಸಿಲು, ಮುಖ ಬರೀ ಕಪ್ಪು. ಮುಖವೇ ಬಂದಿಲ್ಲ, ಬೆಳಿಗ್ಗೆ ಜಗಲಿಯಲ್ಲಿ ಕೂರಿಸಿ ಮತ್ತೆ ತೆಗೆಯಿರಿ ಎಂದು ಗಂಗಾಧರಯ್ಯನವರು ಹೇಳಿದರು. ಷಣ್ಮುಖಪ್ಪ ಒಪ್ಪಿದರು. ಹೊಸ ಪ್ಲೇಟು ತರಿಸುವಷ್ಟರಲ್ಲಿ ಆ ವರ್ಷ ದೇಶವೆಲ್ಲ ಹಬ್ಬಿದ್ದ ಜ್ವರ ಊರಿಗೆ ಬಂತು. ಅಂಬಮ್ಮ ಐದು ದಿನ ಮಲಗಿ ತೀರಿಕೊಂಡರು.

ನಾವು ನೋಡಿದ್ದ ಕಾಗದದ ಚಿತ್ರ ಬಿಸಿಲಿನಲ್ಲಿ ಒತ್ತಿ, ಚಿತ್ರ ನಿಲ್ಲಿಸುವ ಔಷಧಿ ಹಾಕದೆ ತೆಗೆದ ಕಚ್ಚಾ ಪ್ರತಿ. ವಾರದಲ್ಲಿ ಅದು ಪೂರ್ತಿ ಕಪ್ಪಾಯಿತು. ಉಳಿದದ್ದು ಕ್ಯಾಮೆರಾದಲ್ಲಿ ಮೂಲ ಚಿತ್ರ ಮೂಡಿದ್ದ ಆ ಗಾಜಿನ ಪ್ಲೇಟು ಒಂದೇ; ಕಾಗದದಲ್ಲಿ ಕಪ್ಪಾದ ಮುಖ ಅದರಲ್ಲಿ ಬರಿ ಗಾಜು.

ಜನವರಿಯ ಕೂಟದಲ್ಲಿ ಷಣ್ಮುಖಪ್ಪ, ಮುಖವನ್ನು ಹೇಗಾದರೂ ಬರಿಸಿಕೊಡಿ ಎಂದು ಬೇಡಿದರು. ಗಂಗಾಧರಯ್ಯನವರು ಪ್ಲೇಟನ್ನು ಕಿಟಕಿಗೆ ಹಿಡಿದು ನೋಡಿ, ಇಲ್ಲದ್ದನ್ನು ಯಾವ ಔಷಧಿಯೂ ಬರಿಸುವುದಿಲ್ಲ, ಯಾರ ಕೈಗೂ ಕೊಡಬೇಡಿ, ಹೀಗೇ ಇಡಿ ಎಂದರು.

"ಬದ್ಕಿದ್ದಾಗ್ಲೂ ಮುಖ ಇಲ್ಲ ಅಂದ್ರಿ," ಎಂದರು ಷಣ್ಮುಖಪ್ಪ. "ಸತ್ಮೇಲೂ ಅದೇ ಮಾತು."

ಪ್ಲೇಟನ್ನು ಕತ್ತಲೆ ಕೋಣೆಯ ಪೆಟ್ಟಿಗೆಯಲ್ಲಿಟ್ಟು ಹೋದವರು ಎರಡು ತಿಂಗಳು ಕೂಟದ ಕಡೆ ಬರಲಿಲ್ಲ. ಈ ಭಾನುವಾರ ಬಂದು ಅದನ್ನು ಮನೆಗೆ ಒಯ್ಯುವುದಾಗಿ ಹೇಳಿಕಳಿಸಿದ್ದರು.

ಹತ್ತು ಗಂಟೆಗೆ ಗಾಡಿ ಬಂತು. ಅವರು ಚೂರುಗಳನ್ನು ನೋಡಿದರು. ಕೂಗಾಡಲಿಲ್ಲ. ಗೋಡೆಗೊರಗಿ ಕೂತು ಗಂಗಾಧರಯ್ಯನವರನ್ನೇ ದಿಟ್ಟಿಸಿ, "ಬೀಗದ ಕೈ ನಿಮ್ದು, ಮುಖ ಇಲ್ಲ ಅನ್ನೋ ಮಾತೂ ನಿಮ್ದೇ," ಎಂದರು. ಗಂಗಾಧರಯ್ಯನವರ ಮುಖ ಕಪ್ಪಿಟ್ಟಿತು.

ಅಷ್ಟರಲ್ಲಿ ಅಜ್ಜಂಪುರದ ರೈಲಿನಲ್ಲಿ ಕೂಟದ ಅಜ್ಜಯ್ಯನವರು ಬಂದರು. ಮೂವತ್ತು ವರ್ಷ ಪೊಲೀಸಿನಲ್ಲಿದ್ದು, ಗುರುತು ಸಿಗದ ಹೆಣಗಳ ಚಿತ್ರ ತೆಗೆಯುವ ಕೆಲಸ ಮಾಡಿದವರು. ಕಡಿಮೆ ಮಾತಿನ ಮನುಷ್ಯ. ಅವರ ಹಿಂದೆಯೇ ಕೂಟದ ಐದನೆಯವನಾದ ಶ್ರೀನಿವಾಸಮೂರ್ತಿಯೂ ಬಂದ. ತರೀಕೆರೆಯಿಂದ ವರ್ಗವಾಗಿ ಬಂದಿದ್ದ ತಾಲ್ಲೂಕು ಕಚೇರಿಯ ಗುಮಾಸ್ತ, ಯಾರ ಮನಸ್ಸನ್ನೂ ನೋಯಿಸದ ಹುಡುಗನೆಂದು ಎಲ್ಲರಿಗೂ ಮೆಚ್ಚು. ಷಣ್ಮುಖಪ್ಪನವರ ಪಕ್ಕದಲ್ಲಿ ಕೂತು ಅವರ ಭುಜ ಹಿಡಿದುಕೊಂಡ.

ಅಜ್ಜಯ್ಯನವರು ಮೊದಲು ಕಿಟಕಿ ನೋಡಿದರು. ಅಗುಳಿ ಒಳಗಿನದು. ಹೊರಗಿನಿಂದ ತೆಗೆಯಲು ಆಗದು. ಅಂದರೆ ಬಾಗಿಲಿನಿಂದಲೇ ಬಂದವರು ಕಿಟಕಿ ತೆಗೆದಿದ್ದಾರೆ. ಬೀಗದ ಕೈ ಎಲ್ಲಿರುತ್ತದೆ? ಕೋಣೆಯ ಬಾಗಿಲಿರುವ ತೆರೆದ ಪಡಸಾಲೆಯ ಮೊಳೆಯಲ್ಲಿ. ಅದು ಯಾರಿಗೆ ಗೊತ್ತು? ನಮ್ಮೈವರಿಗೂ. ಶನಿವಾರ ಮನೆಯಲ್ಲಿ ಯಾರಿದ್ದರು? ಮನೆಯವರೆಲ್ಲ ಬೀರೂರಿನ ಮದುವೆಗೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಮರಳಿದ್ದರು.

ಆಮೇಲೆ ಚೂರುಗಳನ್ನು ಒಂದೊಂದಾಗಿ ಆಯ್ದು ಬಿಳಿಯ ಪಂಚೆಯ ಮೇಲೆ ಜೋಡಿಸಿದರು. ಬೆರಳಿನಿಂದ ಅಂಚು ಸವರಿದರು. ನನ್ನ ಪುಸ್ತಕ ಕೇಳಿ ತೆಗೆದುಕೊಂಡು ಅರ್ಧ ಗಂಟೆ ಓದಿದರು.

ಪ್ಲೇಟನ್ನು ಕೈಯಲ್ಲಿ ಹಿಡಿದು ನೋಡಿದವರು ಯಾರು ಯಾರು ಎಂದು ಕೇಳಿದರು. ಷಣ್ಮುಖಪ್ಪ ಮತ್ತು ಗಂಗಾಧರಯ್ಯ ಮಾತ್ರ. ನಾನು ನೋಡಿರಲಿಲ್ಲ. ಶ್ರೀನಿವಾಸಮೂರ್ತಿ, ತಾನು ಮುಟ್ಟಿಯೂ ಇಲ್ಲ, ಕಾಗದದ ಚಿತ್ರ ಕಂಡದ್ದಷ್ಟೇ ಎಂದ.

"ಸರಿ," ಎಂದರು ಅಜ್ಜಯ್ಯ. "ಕೂಟದ ದಿನ ಹೇಳೋ ಹಾಗೇ ಹೇಳಿ. ಆ ಚಿತ್ರದಲ್ಲಿ ಏನು ಕಂಡ್ರಿ? ಏನು ಕೆಟ್ಟಿತ್ತು?"

ನಾನು ಹೇಳಿದೆ: ಮರ, ಬಿಸಿಲು, ಸೀರೆ. ಮುಖ ಕಪ್ಪು, ಏನೂ ಕಾಣುತ್ತಿರಲಿಲ್ಲ. ಗಂಗಾಧರಯ್ಯನವರು ಒಡೆದ ದನಿಯಲ್ಲಿ ಅದನ್ನೇ ಹೇಳಿದರು. ಶ್ರೀನಿವಾಸಮೂರ್ತಿ ತಲೆ ತಗ್ಗಿಸಿದ್ದ.

"ಪಾಪ, ಕಣ್ಣಿನ ಗೆರೇನೂ ಬಂದಿರ್ಲಿಲ್ಲ ಕಣ್ರೀ," ಎಂದ. "ಕಿವಿಯೋಲೆ ಮಾತ್ರ ಸಣ್ಣಗೆ ಇತ್ತು. ಅಷ್ಟೆ."

ಅಜ್ಜಯ್ಯನವರು ಪುಸ್ತಕ ಮುಚ್ಚಿದರು.

"ಗಂಗಾಧರಯ್ಯನೋರು ಒಡೆದಿಲ್ಲ," ಎಂದು ಶುರುಮಾಡಿದರು. "ಹಗೆಗೆ ಒಡೆಯೋನು ಪೆಟ್ಟಿಗೆಯಿಂದ ತೆಗೆದು ನೆಲಕ್ಕೆ ಕುಕ್ಕುತಾನೆ. ಒಣಗಿದ ಪ್ಲೇಟು ಒಡೆದ್ರೆ ಚಿತ್ರ ಮೂಡಿರೋ ಮೇಲಿನ ಪೊರೆ ಗಾಜಿನ ಜೊತೇಲೇ ಸೀಳತ್ತೆ. ಇದನ್ನ ನೋಡಿ. ಪೊರೆ ಸುಕ್ಕಾಗಿ, ಗಾಜಿನ ಅಂಚು ದಾಟಿ ಇಳಿಬಿದ್ದು ಹಾಗೇ ಒಣಗಿದೆ. ಒಡೆದಾಗ ಪ್ಲೇಟು ಒದ್ದೆ ಇತ್ತು. ಒದ್ದೆ ಮಾತ್ರ ಅಲ್ಲ, ಬಿಸಿನೀರು ತಾಗಿತ್ತು. ಆರು ತಿಂಗಳ ಹಿಂದೆ ತೊಳೆದು ಒಣಗಿಸಿದ ಪ್ಲೇಟು ಯಾಕೆ ಒದ್ದೆ ಆಯ್ತು?"

ಅವರು ಆ ಚೂರನ್ನು ಮತ್ತೆ ಪಂಚೆಯ ಮೇಲಿಟ್ಟರು.

"ಯಾರೋ ಔಷಧೀಲಿ ಅದ್ದಿ ಮುಖ ಬರಿಸೋಕೆ ನೋಡಿದ್ದಾರೆ. ಹಾಳು ಮಾಡೋಕಲ್ಲ, ಉಪಕಾರ ಮಾಡೋಕೆ. ಆಗೋಲ್ಲ ಅಂತ ಗೊತ್ತಿದ್ದ ಗಂಗಾಧರಯ್ಯ ಆ ಕೆಲಸಕ್ಕೆ ಕೈ ಹಾಕೋರಲ್ಲ."

ಅವರು ಶ್ರೀನಿವಾಸಮೂರ್ತಿಯ ಕಡೆ ತಿರುಗಿದರು. "ಕಾಗದದಲ್ಲಿ ಮುಖ ಪೂರ್ತಿ ಕಪ್ಪು. ಓಲೆ ಯಾರಿಗೂ ಕಂಡಿಲ್ಲ, ಪುಸ್ತಕದಲ್ಲೂ ಇಲ್ಲ. ಅಷ್ಟು ತೆಳು ಗೆರೆ ಕಾಣೋದು ಪ್ಲೇಟನ್ನ ಬೆಳಕಿಗೆ ಹಿಡಿದೋರಿಗೆ ಮಾತ್ರ. ಇನ್ನೊಂದು ಮಾತು. ಈ ಪುಸ್ತಕದಲ್ಲಿ ಎರಡು ವರ್ಷದಿಂದ ನಿಮ್ಮ ಹೆಸರಿನ ಮುಂದೆ ಇರೋದು ಒಂದೇ, 'ಬಹಳ ಚೆನ್ನಾಗಿದೆ'. ಅಂಬಮ್ಮನ ಚಿತ್ರಕ್ಕೂ ಅದೇ. ಕೊರತೆ ಹೇಳಿದ್ದು ಇವತ್ತೇ ಮೊದಲು. ಯಾಕೆ ಅಂದ್ರೆ, ನೀವು ಒಂದು ಚಿತ್ರಾನ ನಿಜವಾಗಿ ನೋಡಿದ್ದೂ ನಿನ್ನೇನೇ."

ಶ್ರೀನಿವಾಸಮೂರ್ತಿಯ ಕೈ ಷಣ್ಮುಖಪ್ಪನವರ ಭುಜದಿಂದ ಜಾರಿತು.

ಅವನು ಹೇಳಿದ್ದನ್ನು ಕೇಳಿಸಿಕೊಳ್ಳುವುದು ಕಷ್ಟವಾಗಿತ್ತು. ಖಾತೆ ಬದಲಾವಣೆಗೆ ಕಚೇರಿಗೆ ಬಂದ ಷಣ್ಮುಖಪ್ಪ ಮೆಟ್ಟಿಲ ಮೇಲೆ ಕೂತು ಅತ್ತದ್ದನ್ನು ಅವನು ಕಂಡಿದ್ದ. ಆಗದು ಎನ್ನಲು ಅವನಿಂದ ಎಂದೂ ಆಗಿರಲಿಲ್ಲ. ಒಂದು ಇಂಗ್ಲಿಷ್ ಕೈಪಿಡಿಯಲ್ಲಿ ಪ್ಲೇಟಿನಲ್ಲಿ ತೆಳುವಾಗಿ ಮೂಡಿದ ಚಿತ್ರವನ್ನು ಔಷಧಿಯಿಂದ ದಟ್ಟ ಮಾಡುವ ವಿಧಾನ ಓದಿದ್ದ. ಭಾನುವಾರ ಮುಖ ತೋರಿಸಿ ಸಂತೋಷಪಡಿಸಬೇಕೆಂದಿದ್ದ. ಔಷಧಿಯ ಉಪ್ಪು ಕರಗಲೆಂದು ನೀರನ್ನು ಬಿಸಿ ಮಾಡಿದ. ತಟ್ಟೆಯಲ್ಲಿ ಪೊರೆ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಜಾರತೊಡಗಿತು. ಗಾಬರಿಯಿಂದ ಎತ್ತಿದ. ಕೈ ಜಾರಿತು. ತಟ್ಟೆ ತೊಳೆದಿಟ್ಟು, ಗಾಳಿಗೆ ಬಿದ್ದು ಒಡೆದಂತೆ ಕಾಣಲೆಂದು ಕಿಟಕಿ ತೆಗೆದು, ಬಾಗಿಲಿಗೆ ಬೀಗ ಹಾಕಿ ಹೋದ.

"ಬೆಳಿಗ್ಗೇನೇ ಹೇಳ್ಬೇಕಿತ್ತು," ಎಂದ. "ಗಂಗಾಧರಯ್ಯನೋರನ್ನ ಅನ್ನುವಾಗ್ಲಾದ್ರೂ ಹೇಳ್ಬೇಕಿತ್ತು. ಬಾಯಿ ಬರ್ಲಿಲ್ಲ."

ಷಣ್ಮುಖಪ್ಪ ಅವನ ಕಡೆ ತಿರುಗಿದರು. ಹೊಡೆಯುತ್ತಾರೇನೋ ಎಂದುಕೊಂಡೆ. ಅವರು ಅವನ ಎದುರಿಗೆ ಸರಿದು ಕೂತರು.

"ಅದ್ನ ಕೊನೇಲಿ ನೋಡಿದೋನು ನೀನು," ಎಂದರು. "ಏನೇನಿತ್ತು ಹೇಳು. ಚೆನ್ನಾಗಿತ್ತು ಅನ್ಬೇಡ."

ಅವನು ಹೇಳಿದ. ಮೊದಮೊದಲು ತಡವರಿಸಿದ. ಆಮೇಲೆ ಕಣ್ಣು ಮುಚ್ಚಿಕೊಂಡು ನಿಧಾನವಾಗಿ ಹೇಳಿದ. ಸೆರಗಿನ ಅಂಚಿನಲ್ಲಿ ಎರಡು ಗೆರೆ. ಕಾಲಿನ ಹತ್ತಿರ ಒಂದು ಒಣಗಿದ ಗರಿ. ಬಲ ಮೊಣಕೈಯವರೆಗೆ ಬಿಸಿಲು. ತೊಡೆಯ ಮೇಲಿನ ಕೈಯಲ್ಲಿ ಹೆಬ್ಬೆರಳು ಅಲುಗಿ ಎರಡಾಗಿ ಮೂಡಿತ್ತು.

"ನೆರಿಗೆ ಸರಿ ಮಾಡ್ಕತಿದ್ಲು," ಎಂದರು ಷಣ್ಮುಖಪ್ಪ. "ಅಲುಗ್ಬೇಡ ಅಂತ ಗದರಿಬಿಟ್ಟೆ. ಇನ್ನೇನಿತ್ತು?"

"ಓಲೆ. ಅದರ ಹಿಂದೆ ಸ್ವಲ್ಪ ಕೂದಲು."

"ಇನ್ನೇನು?"

ಶ್ರೀನಿವಾಸಮೂರ್ತಿ ಕಣ್ಣು ತೆರೆದ. ಸಮಾಧಾನಕ್ಕೆಂದು ಇಲ್ಲದ್ದನ್ನೂ ಸೇರಿಸಿ ಹೇಳಿಬಿಡುತ್ತಾನೋ ಎಂದು ನನಗೆ ಭಯವಾಯಿತು.

"ಇನ್ನೇನೂ ಇರ್ಲಿಲ್ಲ," ಎಂದ.

ಷಣ್ಮುಖಪ್ಪ ತಲೆಯಾಡಿಸಿ ಎದ್ದು, ಗಾಡಿ ಕಟ್ಟಲು ಹೊರಗೆ ನಡೆದರು. ಗಂಗಾಧರಯ್ಯನವರು ಚಪ್ಪಲಿಯನ್ನೂ ಮೆಟ್ಟದೆ ಅವರ ಹಿಂದೆ ಇಳಿದು ಹೋಗಿ, ಎತ್ತುಗಳು ಬಂದು ಕೊರಳು ಒಡ್ಡುವ ತನಕ ನೊಗವನ್ನು ಎತ್ತಿ ಹಿಡಿದು ನಿಂತರು.